ಪಲ್ಲಾವರಂ ಆಕಾಶದಲ್ಲಿ ನಾನು ಕಾಣಲಿಲ್ಲವೆಂದದ್ದು

ಹೋದ ವಾರ ಆಫೀಸಿನ ಕ್ಯಾಬ್‌ನಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿ ಡಬ್ಬಿ ತೆರೆದು ಹಲಸಿನ ತೊಳೆ ಕೊಡಲು ಬಂದಳು. ಕಿಟಕಿ ಮುಚ್ಚಿ ಎಸಿ ಹಾಕಿದ್ದ ಕಾರು. ಶೋಳಿಂಗನಲ್ಲೂರ್ ಸಿಗ್ನಲ್ ದಾಟುವಷ್ಟರಲ್ಲಿ ಆ ವಾಸನೆ ನನ್ನ ಗಂಟಲಿಗೆ ಇಳಿಯಿತು. "ಬೇಡಮ್ಮಾ, ಉಷ್ಣ" ಅಂದೆ. ಉಷ್ಣವೇನೂ ಅಲ್ಲ. ಆ ವಾಸನೆ ಬಂದರೆ ನಾನು ಮತ್ತೆ ಪಲ್ಲಾವರಂ ಸಂತೆಯಲ್ಲಿ, ತುಕ್ಕು ಹಿಡಿದ ಕಬ್ಬಿಣದ ರಾಶಿಗೂ ಹಲಸಿನ ಗಾಡಿಗೂ ನಡುವೆ, ಅಣ್ಣನ ಪಕ್ಕದಲ್ಲಿ ನಿಂತುಬಿಡುತ್ತೇನೆ.

ಮೂರು ವರ್ಷದ ಹಿಂದಿನ ಕತ್ತಿರಿ ಅದು. ಕತ್ತಿರಿ ಅಂದರೆ ಮೇ ತಿಂಗಳ ಕಡು ಬಿಸಿಲಿಗೆ ಇಲ್ಲಿಯ ತಮಿಳರು ಇಟ್ಟ ಹೆಸರು. ಮುತ್ತಜ್ಜನ ಕಾಲದಿಂದ ತಿರುವಲ್ಲಿಕ್ಕೇಣಿಯಲ್ಲಿ ಬದುಕಿದ ನಮ್ಮ ಕನ್ನಡದ ಮನೆಯಲ್ಲೂ ಅದಕ್ಕೆ ಬೇರೆ ಹೆಸರಿಲ್ಲ. ಆ ವರ್ಷ ನಲ್ಲಿ ತಿರುಗಿಸಿದರೆ ಕಾದ ನೀರು ಬರುತ್ತಿತ್ತು. ಬೆಳಿಗ್ಗೆ ಎಂಟಕ್ಕೇ ಬೀದಿನಾಯಿಗಳು ಕಾರುಗಳ ಅಡಿಗೆ ಸೇರಿಬಿಡುತ್ತಿದ್ದವು.

ನಮ್ಮಣ್ಣ ಗುರುರಾಜ ಕ್ರೋಂಪೇಟೆಯಲ್ಲಿದ್ದಾನೆ. ಆಗ ಒಂದು ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅದರ ಜೊತೆಗೆ ಅವನು ಮತ್ತು ಅವನ ಸ್ನೇಹಿತರು ಸೇರಿ ಒಂದು ವಿಜ್ಞಾನ ಬಳಗ ಕಟ್ಟಿಕೊಂಡಿದ್ದರು. ದೆವ್ವದ ಮನೆ, ವಿಭೂತಿ ಸುರಿಸುವ ಫೋಟೋ, ಹಾಲು ಕುಡಿಯುವ ವಿಗ್ರಹ, ಎಲ್ಲಿ ಏನು ಸುದ್ದಿಯಾದರೂ ಹೋಗಿ ಬಯಲು ಮಾಡುವುದು ಅವರ ಕೆಲಸ. ಅಣ್ಣನ ಬಾಯಿ ಎಲ್ಲರಿಗಿಂತ ಹರಿತ. ಬಳಗದ ಅಧ್ಯಕ್ಷರು ಸಂಪತ್ ಅಂತ, ನಿವೃತ್ತ ಎಂಜಿನಿಯರು. ಅವರು ಬರೆದ ಲೇಖನವನ್ನೇ ಒಮ್ಮೆ ತುಂಬಿದ ಸಭೆಯಲ್ಲಿ ಕೆಂಪು ಮಸಿಯಿಂದ ತಿದ್ದಿ, ಕೆಳಗೆ ಹತ್ತಕ್ಕೆ ನಾಲ್ಕು ಅಂತ ಅಂಕ ಹಾಕಿ ಕೊಟ್ಟವನು ಅವನು. ಸಂಪತ್ ನಕ್ಕರಂತೆ. ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರಂತೆ.

ನನ್ನದೂ ಒಂದು ಕಥೆ ಇತ್ತು. ಆ ಕತ್ತಿರಿಗೆ ಎರಡು ವರ್ಷ ಮೊದಲು ನನ್ನ ಗಂಡ ಮುರಳಿ ಹೃದಯಾಘಾತದಲ್ಲಿ ಹೋದರು. ಅವರ ನಂಬರನ್ನು ನಾನು ಫೋನಿನಿಂದ ಅಳಿಸಿರಲಿಲ್ಲ. ಆಗಾಗ ಒತ್ತುತ್ತಿದ್ದೆ. ಎಷ್ಟೋ ತಿಂಗಳು ಸ್ವಿಚ್ ಆಫ್ ಅಂತ ಬರುತ್ತಿದ್ದದ್ದು ಒಂದು ದಿನ ರಿಂಗ್ ಆಯಿತು. ಬೆಚ್ಚಿ ಕಟ್ ಮಾಡಿದೆ. ಆಮೇಲೆ ದಿನವೂ ಒಂದು ಸಲ ಒತ್ತಿ, ರಿಂಗ್ ಕೇಳಿ, ಇಡುವುದು ಅಭ್ಯಾಸವಾಯಿತು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತಿದ್ದಾಗ ಆ ಕಡೆಯಿಂದಲೇ ಕರೆ ಬಂತು. ಪರದೆಯ ಮೇಲೆ 'ಮುರಳಿ' ಅಂತ ಹೆಸರು. ನಾನು ಎತ್ತುವಷ್ಟರಲ್ಲಿ ನಿಂತುಹೋಯಿತು. ಇದನ್ನು ನಾನು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ, ಅಣ್ಣನ ಹತ್ತಿರ. ಅವನು ನಂಬರು ಮಾತ್ರ ಕೇಳಿ ಬರೆದುಕೊಂಡ.

ಮುಂದಿನ ಭಾನುವಾರ ಅವನ ಭಾಷಣವಿತ್ತು. ಅತ್ತಿಗೆ ವನಜಾ ನನ್ನನ್ನೂ ಕರೆದುಕೊಂಡು ಹೋದರು. ಮೂರನೇ ಸಾಲಿನಲ್ಲಿ ಕೂತಿದ್ದೆವು. ಅಣ್ಣ ವೇದಿಕೆಯ ಮೇಲೆ ಫೋನು ತೆಗೆದು, "ನನಗೆ ಬಹಳ ಬೇಕಾದವರೊಬ್ಬರಿಗೆ ಸ್ವರ್ಗದಿಂದ ಕಾಲ್ ಬಂದಿದೆ. ಬನ್ನಿ, ವಾಪಸ್ ಮಾಡೋಣ" ಅಂದ. ಸ್ಪೀಕರಿನಲ್ಲಿ ಒಂದು ಗಂಡಸಿನ ದನಿ, "ಹಲೋ, ಯಾರುಂಗ?" ಅಂತ. ಅಣ್ಣ ಮೈಕನ್ನು ಫೋನಿನ ಹತ್ತಿರ ಹಿಡಿದು ಒಂದೊಂದಾಗಿ ಪ್ರಶ್ನೆ ಕೇಳಿದ. ಆತ ಮಧುರೆಯವನು. ಆ ಸಿಮ್ ಕೊಂಡು ಮೂರು ತಿಂಗಳಾಗಿತ್ತು. "ಯಾರೋ ದಿನಾ ಕಾಲ್ ಮಾಡಿ ಮಾತಾಡದೆ ಇಟ್ಟುಬಿಡ್ತಾರೆ ಸಾರ್, ಯಾರಂತ ಕೇಳೋಣ ಅಂತ ಒಂದು ಸಲ ಮಾಡಿದೆ" ಅಂದ. ಸಭೆ ಬಿದ್ದು ಬಿದ್ದು ನಕ್ಕಿತು. "ಆಗಲಿ, ಸ್ವರ್ಗ ಮಧುರೆಯಲ್ಲಿದೆ ಅಂತಾದರೂ ಗೊತ್ತಾಯ್ತು" ಅಂದ ಅಣ್ಣ. ಮತ್ತೆ ನಕ್ಕರು. ಅತ್ತಿಗೆ ನನ್ನ ಮಂಡಿಯ ಮೇಲೆ ಕೈ ಇಟ್ಟರು. ನಾನು ಮಂಡಿ ಸರಿಸಿಕೊಂಡೆ.

ನಾಲ್ಕು ತಿಂಗಳು ಅವರ ಮನೆಗೆ ಹೋಗಲಿಲ್ಲ. ಅಮ್ಮನ ಶ್ರಾದ್ಧದ ದಿನ ಅಣ್ಣನೇ ಬಂದು, "ಏನು ಶ್ಯಾಮಾ, ಆಳೇ ಕಾಣೋದಿಲ್ಲ?" ಅಂತ ಕೇಳಿದ. ನಟನೆಯಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. "ಆಫೀಸಿನ ಕೆಲಸ" ಅಂದೆ. ಮತ್ತೆ ಹೋಗಿ ಬರುವುದು ಶುರುವಾಯಿತು.

ಕತ್ತಿರಿಯ ಆ ಶುಕ್ರವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಸಂಜೆ ಅಣ್ಣ ಸ್ಕೂಟರಿನಲ್ಲಿ ಬಂದು ಸಂತೆಗೆ ಕರೆದುಕೊಂಡು ಹೋದ. ಪಲ್ಲಾವರಂ ಸಂತೆಯಲ್ಲಿ ಗುಲಾಬಿ ಗಿಡದಿಂದ ಹಿಡಿದು ಮುರಿದ ಫ್ಯಾನಿನ ತನಕ ಎಲ್ಲ ಸಿಗುತ್ತದೆ. ನನಗೆ ತರಕಾರಿ ಬೇಕಿತ್ತು, ಅವನಿಗೆ ಹಳೆಯ ಲೆನ್ಸು. ಒಬ್ಬ ಮುದುಕ ಗೋಣಿ ಹಾಸಿ ಹಳೆಯ ಕ್ಯಾಮೆರಾಗಳನ್ನು ಹರಡಿಕೊಂಡಿದ್ದ. ಅಣ್ಣ ಒಂದು ಡಿಜಿಟಲ್ ಕ್ಯಾಮೆರಾ ಎತ್ತಿ, ಹಿಂದೆ ಮುಂದೆ ತಿರುಗಿಸಿ, "ಇದು ಓಡ್ತದಾ?" ಅಂತ ವಾದಕ್ಕೆ ನಿಂತ. ನನ್ನ ಕೈಯಲ್ಲಿ ಬದನೆಕಾಯಿಯ ಚೀಲ. ಬೆವರಿಗೆ ರವಿಕೆ ಬೆನ್ನಿಗೆ ಅಂಟಿತ್ತು. ಗಾಳಿ ಏನಾದರೂ ಬೀಸುತ್ತದಾ ಅಂತ ತಲೆ ಎತ್ತಿದೆ.

ಸಂತೆಯಾಚೆಯ ಗುಡ್ಡದ ಮೇಲೆ, ಆಕಾಶದಲ್ಲಿ ಏನೋ ನಿಂತಿತ್ತು.

ನಮ್ಮಂತೆ ವಿಮಾನ ನಿಲ್ದಾಣದ ಪಕ್ಕದಲ್ಲಿ ಬದುಕುವವರಿಗೆ ವಿಮಾನ ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ. ಇದು ವಿಮಾನವಲ್ಲ. ಗಾಳಿಪಟದ ಹಾಗೆ ಓಲಾಡುತ್ತಿರಲಿಲ್ಲ. ದೋಸೆ ಕಾವಲಿಯನ್ನು ಬೋರಲು ಹಾಕಿದಂತೆ, ಅಂಚು ಚೂಪಾಗಿ, ಸದ್ದಿಲ್ಲದೆ, ಅಲುಗಾಡದೆ ನಿಂತಿತ್ತು. "ಅಣ್ಣಾ, ಅದೇನು ನೋಡು" ಅಂತ ನಾನೇ ಅವನ ಮೊಣಕೈ ಹಿಡಿದು ಜಗ್ಗಿದೆ. ಅವನು ನೋಡಿದ. ಒಂದು ಕ್ಷಣ ಬಾಯಿ ತೆರೆದು ಹಾಗೇ ನಿಂತ. ಆಮೇಲೆ ಕೈಯಲ್ಲಿದ್ದ ಕ್ಯಾಮೆರಾ ಎತ್ತಿ ಮೂರು ಸಲ ಒತ್ತಿದ. ಅಷ್ಟೇ. ಅದು ಇರಲಿಲ್ಲ. ಸುತ್ತ ಜನ ವ್ಯಾಪಾರ ಮಾಡುತ್ತಲೇ ಇದ್ದರು. ಹಲಸಿನ ಗಾಡಿಯವನು ಚಾಕುವಿಗೆ ಎಣ್ಣೆ ಹಚ್ಚುತ್ತಿದ್ದ. ಅಣ್ಣ ಮರುಮಾತಿಲ್ಲದೆ, ಮುದುಕ ಹೇಳಿದ ಬೆಲೆಗೇ ಆ ಕ್ಯಾಮೆರಾ ಕೊಂಡ.

ಅಲ್ಲಿಂದ ಅವನ ಮನೆಗೆ ಹೋದೆವು. ಅವನು ಕಾಫಿ ಸಹ ಕುಡಿಯದೆ ಒಂದು ನೋಟ್‌ಬುಕ್ಕು ತೆಗೆದು, ಕಂಡದ್ದನ್ನೆಲ್ಲ ಬರೆದುಕೊಂಡು, ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದ. ಎರಡು ಮಸುಕು. ಒಂದು ಚೆನ್ನಾಗಿ ಬಂದಿತ್ತು. ಬೆಳಕಿಗೆ ಎದುರಾಗಿ ತೆಗೆದದ್ದರಿಂದ ಗುಡ್ಡವೂ ಅದರ ಮೇಲಿನ ವಸ್ತುವೂ ಎರಡೂ ಕಪ್ಪಗಿದ್ದವು.

ಅಣ್ಣ ಅದನ್ನು ಹಾರುವ ತಟ್ಟೆ ಅಂತ ಎಂದೂ ಹೇಳಲಿಲ್ಲ. ಈ ಮಾತನ್ನು ನಾನು ನ್ಯಾಯವಾಗಿ ಹೇಳಬೇಕು. ಬಳಗದ ಗ್ರೂಪಿಗೆ ಫೋಟೋ ಕಳಿಸಿ, "ಇದು ಏನು ಅಂತ ನನಗೆ ಗೊತ್ತಾಗುತ್ತಿಲ್ಲ. ಪರೀಕ್ಷೆ ಮಾಡಲು ಸಹಾಯ ಮಾಡಿ" ಅಂತ ಬರೆದ. ಇಪ್ಪತ್ತು ವರ್ಷದಲ್ಲಿ ಅವನು 'ಗೊತ್ತಾಗುತ್ತಿಲ್ಲ' ಅಂತ ಬರೆದದ್ದು ಅದೇ ಮೊದಲಿರಬೇಕು. ಅವರೆಲ್ಲ ಅದಕ್ಕೇ ಕಾದಿದ್ದರು.

ಎರಡು ದಿನದಲ್ಲಿ ಫೋಟೋ ಹೊರಗೆ ಬಂತು. ಕಳಿಸಿದವರು ಯಾರು ಅಂತ ಯಾರೂ ಒಪ್ಪಿಕೊಳ್ಳಲಿಲ್ಲ. ಒಂದು ಯೂಟ್ಯೂಬ್ ಚಾನೆಲ್ಲು 'ತಟ್ಟೆ ವಾಧ್ಯಾರ್', ಅಂದರೆ ತಟ್ಟೆ ಮೇಷ್ಟ್ರು, ಅಂತ ಹೆಸರಿಟ್ಟಿತು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಅವನ ಮೇಜಿನ ಮೇಲೆ ದಿನವೂ ಒಂದು ಇಡ್ಲಿ ತಟ್ಟೆ ಬೋರಲು ಬಿದ್ದಿರುತ್ತಿತ್ತು. ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಪಾಠ ಮಾಡುತ್ತಿದ್ದನಂತೆ. ಹೆಡ್‌ಮಿಸ್ ಕರೆದು, ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಅಂದರಂತೆ.

ಕೊನೆಗೆ ಬಳಗದವರು ಫೋಟೋ ನಿಜವೋ ಸುಳ್ಳೋ ಅಂತ ತೀರ್ಮಾನಿಸಲು ಬಹಿರಂಗ ಸಭೆ ಇಟ್ಟರು. ಅಣ್ಣನೇ ಒತ್ತಾಯ ಮಾಡಿದ್ದು. "ಪರೀಕ್ಷೆ ಆಗಲಿ. ಅದೇ ತಾನೇ ನಾವು ಎಲ್ಲರಿಗೂ ಹೇಳೋದು?" ಅಂದ. ಸಭಾಂಗಣದಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಯಾವತ್ತೂ ಅಷ್ಟು ಜನ ಸೇರಿರಲಿಲ್ಲ.

ಒಬ್ಬರು ಲೆನ್ಸಿನ ಮೇಲಿನ ಧೂಳು ಅಂದರು. ಅಣ್ಣ ಎದ್ದು, ಧೂಳಾದರೆ ಮೂರು ಫೋಟೋದಲ್ಲೂ ಒಂದೇ ಜಾಗದಲ್ಲಿ ಇರಬೇಕಿತ್ತು ಅಂತ ತೋರಿಸಿದ. ಇನ್ನೊಬ್ಬರು ಡ್ರೋನು ಅಂದರು. ಮತ್ತೊಬ್ಬರು ಯಾರೋ ಎಸೆದ ಕಾರಿನ ಚಕ್ರದ ಮುಚ್ಚಳ ಅಂದರು. ವಡಪಳನಿಯಲ್ಲಿ ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುವವನೊಬ್ಬನನ್ನು ಕರೆಸಿದ್ದರು. ಅವನು ಪ್ರಾಮಾಣಿಕ. ಫೈಲನ್ನು ಯಾರೂ ತಿದ್ದಿದ ಹಾಗೆ ಕಾಣುವುದಿಲ್ಲ ಅಂದ. "ಆದರೆ ಇಂಥದ್ದು ನಾನು ಅರ್ಧ ಗಂಟೆಯಲ್ಲಿ ಮಾಡ್ತೀನಿ" ಅಂತ ಪರದೆಯ ಮೇಲೆ ಇನ್ನೊಂದು ಚಿತ್ರ ಹಾಕಿದ. ಅದೇ ಗುಡ್ಡ, ಮೂರು ತಟ್ಟೆ, ನಡುವಿನ ತಟ್ಟೆಯ ಕಿಟಕಿಯಿಂದ ಅಣ್ಣನ ಮುಖ ಇಣುಕುತ್ತಿತ್ತು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಸಂಪತ್ ಎದ್ದರು. ಫೈಲಿನಲ್ಲಿ ದಾಖಲಾಗಿದ್ದ ತಾರೀಕು ಎಷ್ಟೋ ವರ್ಷ ಹಿಂದಿನದು ಅಂತ ತೋರಿಸಿದರು. ಸಂತೆಯ ಹಳೆ ಕ್ಯಾಮೆರಾ, ಅದರ ಗಡಿಯಾರ ಕೆಟ್ಟಿದೆ ಅಂತ ಅಣ್ಣ ಹೇಳಿದ. "ಇರಬಹುದು. ಇಂಥ ನೆಪ ಬೇರೆಯವರು ಹೇಳಿದ್ದರೆ ನೀವು ಒಪ್ಪುತ್ತಿದ್ದಿರಾ ಗುರುರಾಜ್?" ಅಂತ ಕೇಳಿದರು ಸಂಪತ್. ಅಣ್ಣ "ಇಲ್ಲ" ಅಂದ. ಕ್ಯಾಮೆರಾ ಮಾರಿದ ಮುದುಕ ಆಮೇಲೆ ಸಂತೆಗೆ ಬಂದಿರಲಿಲ್ಲ.

"ಹಾಗಾದರೆ ಉಳಿದದ್ದು ಸಾಕ್ಷಿ" ಅಂತ ಸಂಪತ್ ನನ್ನ ಕಡೆ ತಿರುಗಿದರು. ಮೈಕು ಕೈಯಿಂದ ಕೈಗೆ ನನ್ನ ಹತ್ತಿರ ಬಂತು. "ಅಮ್ಮಾ, ನೀವು ಪಕ್ಕದಲ್ಲೇ ಇದ್ದಿರಂತೆ. ಏನು ನೋಡಿದಿರಿ?"

ಮನೆಯಿಂದ ಹೊರಡುವಾಗ ಸುಳ್ಳು ಹೇಳಬೇಕು ಅಂತ ನಾನು ಅಂದುಕೊಂಡಿರಲಿಲ್ಲ. ಕಂಡದ್ದನ್ನು ಹೇಳುವುದು ಅಂತಲೇ ಬಂದಿದ್ದೆ. ಆದರೆ ಎದ್ದು ನಿಂತಾಗ ಅಣ್ಣ ನನ್ನ ಕಡೆ ನೋಡಿದ. ಎಷ್ಟು ನಿಶ್ಚಿಂತೆಯಿಂದ ನೋಡಿದ ಅಂದರೆ, ನನ್ನನ್ನು ಮನುಷ್ಯಳು ಅಂತ ಅಲ್ಲ, ಜೇಬಿನಲ್ಲಿಟ್ಟುಕೊಂಡು ಬಂದ ರಸೀದಿ ಅಂತ ನೋಡಿದ ಹಾಗಿತ್ತು. ನನ್ನೊಳಗೆ ಏನೋ ತಣ್ಣಗಾಯಿತು.

"ಇಲ್ಲ ಸಾರ್, ನಾನೇನೂ ನೋಡಲಿಲ್ಲ. ಬದನೆಕಾಯಿ ಆರಿಸ್ತಿದ್ದೆ" ಅಂದೆ.

ಸಭೆಯೆಲ್ಲ ನಗೆಯಲ್ಲಿ ಮುಳುಗಿತು. ಅಣ್ಣ ಎದ್ದು ನಿಂತ. ಮೈಕಿಲ್ಲದೆ, ಕನ್ನಡದಲ್ಲೇ ಕೇಳಿದ, "ಶ್ಯಾಮಾ, ನೀನೇ ತಾನೇ ನನ್ನ ಕೈ ಹಿಡಿದು ತೋರಿಸಿದ್ದು?"

"ಇಲ್ಲ ಅಣ್ಣಾ. ನಾನು ಯಾಕೆ ತೋರಿಸಲಿ?"

ಅವನು ಕೂತುಕೊಂಡ. ಅತ್ತಿಗೆ ಅವನ ಪಕ್ಕದ ಕುರ್ಚಿಯಲ್ಲಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ನೇರವಾಗಿ ಮುಂದೆ ನೋಡುತ್ತಿದ್ದರು. ಸಂಪತ್ ಏನೋ ಬರೆದುಕೊಂಡರು. ಮನೆಗೆ ಬಂದಾಗ ನನ್ನ ಮಗಳು ನಿಧಿ, ಆಗಲೇ ಯಾರೋ ಕಳಿಸಿದ್ದ ವಿಡಿಯೋ ನೋಡುತ್ತಾ, "ಅಮ್ಮಾ, ನೀ ಉಣ್ಮೈಯಾವೇ ಪಾಕ್ಕಲಿಯಾ?" ಅಂತ ಕೇಳಿದಳು. ನಿಜವಾಗಿಯೂ ನೋಡಲಿಲ್ಲವಾ ಅಂತ. "ನೋಡಲಿಲ್ಲ" ಅಂದೆ. ಅವತ್ತು ಹೊಟ್ಟೆ ತುಂಬ ಉಂಡೆ.

ಅವನು ಬಂದು ಜಗಳ ಆಡುತ್ತಾನೆ ಅಂತ ಕಾದೆ. ಬರಲಿಲ್ಲ. ವಾರ ಕಳೆದು ಫೋನು ಮಾಡಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಸುಮ್ಮನೆ ಕೇಳ್ತೀನಿ ಶ್ಯಾಮಾ. ನನ್ನ ಮೊಣಕೈ ನೀನು ಮುಟ್ಟಲೇ ಇಲ್ವಾ?" ಅಂದ. ಇಲ್ಲ ಅಂದೆ. "ಶರಿ" ಅಂತ ಇಟ್ಟ.

ಅವನು ನನ್ನನ್ನು ನಂಬಿದ್ದ. ಇದು ನನಗೆ ಹೊಳೆದಿರಲೇ ಇಲ್ಲ. ಇಬ್ಬರು ಒಂದೇ ಜಾಗದಲ್ಲಿ ನಿಂತು ಒಬ್ಬರಿಗೆ ಮಾತ್ರ ಕಂಡರೆ ತಪ್ಪಿರುವುದು ಆಕಾಶದಲ್ಲಲ್ಲ, ಕಂಡವನ ತಲೆಯಲ್ಲಿ ಅಂತ ಲೆಕ್ಕ ಹಾಕಿದ. ಮೊದಲು ಕಣ್ಣಿನ ಡಾಕ್ಟರು, ಆಮೇಲೆ ನರದ ಡಾಕ್ಟರು. ತಲೆಯ ಸ್ಕ್ಯಾನಿಗೆ ನಾನೂ ಹೋದೆ. ಅತ್ತಿಗೆ ಫಾರಂ ತುಂಬಿಸುತ್ತಿದ್ದರು. ಅಣ್ಣ ನೀಲಿ ಗೌನು ಹಾಕಿಕೊಂಡು ಬಂದು ಕನ್ನಡಕ, ಗಡಿಯಾರ, ಉಂಗುರ ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟ. ಕನ್ನಡಕವಿಲ್ಲದ ಅವನ ಮುಖ ಅಪ್ಪನ ಮುಖದಂತಿತ್ತು. "ಏನಾದರೂ ಗೆಡ್ಡೆ ಸಿಕ್ಕರೆ ಒಳ್ಳೇದು. ಕಾರಣ ಸಿಕ್ಕ ಹಾಗಾಗುತ್ತೆ" ಅಂದ.

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು, ಎದ್ದು ಬಟ್ಟೆ ಹಾಕಿಕೊಂಡು ಮನೆಗೆ ಬರುತ್ತಿದ್ದ. ನಾನು ಹೇಳಲಿಲ್ಲ. ಒಳಗೆ ಯಂತ್ರ ಬಡಿಯುವ ಸದ್ದು ಕೇಳುತ್ತಾ ಅವನ ಉಂಗುರವನ್ನು ನನ್ನ ಬೆರಳಿಗೆ ಹಾಕಿ ತಿರುಗಿಸುತ್ತಾ ಕೂತಿದ್ದೆ. ನನಗೆ ಆವಾಗಲೂ ಒಳಗೊಳಗೆ ಸ್ವಲ್ಪ ಸುಖವಾಗುತ್ತಿತ್ತು. ಇಷ್ಟು ವರ್ಷದ ಮೇಲೆ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ಅದೇ ಅವನನ್ನು ಮುರಿಯಿತು. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟ. "ತನ್ನ ಕಣ್ಣನ್ನೇ ನಂಬದವನು ಮಕ್ಕಳಿಗೆ ಏನು ಪ್ರಯೋಗ ತೋರಿಸಲಿ?" ಅಂದ. ಸ್ಕೂಟರು ಬಿಡುವುದನ್ನು ನಿಲ್ಲಿಸಿದ. ಮಳೆಗಾಲ ಹಿಡಿಯಿತು. ಕ್ರೋಂಪೇಟೆಯ ಬೀದಿಗಳಲ್ಲಿ ಮೊಣಕಾಲುದ್ದ ನೀರು ನಿಂತು ಇಳಿದ ಮೇಲೆ ಒಂದು ಭಾನುವಾರ ಹೋದೆ. ಅಣ್ಣ ಬಾಲ್ಕನಿಯಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಒಂದು ವಿಮಾನ, ದಿನಾ ಹೋಗುವಂಥದ್ದೇ, ಚಕ್ರ ಇಳಿಸಿಕೊಂಡು ಮನೆಯ ಮೇಲೆ ಹಾದುಹೋಯಿತು. ಗಾಜು ಅದುರಿತು. ಅಣ್ಣ ಅದನ್ನು ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದ.

"ಅದು ವಿಮಾನ ತಾನೇ?"

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಅವತ್ತು ನಾನೂ ನೋಡಿದೆ. ನಾನೇ ನಿನಗೆ ತೋರಿಸಿದ್ದು. ಸಭೆಯಲ್ಲಿ ಸುಳ್ಳು ಹೇಳಿದೆ" ಅಂದೆ.

ಅವನು ಒಳಗೆ ಹೋಗಿ ಆ ನೋಟ್‌ಬುಕ್ಕು ತಂದು, ನನಗೆ ಕಾಣದ ಹಾಗೆ ತೆರೆದು ಹಿಡಿದ. ಮೇಷ್ಟ್ರ ದನಿ ಬಂತು.

"ಯಾವ ಬಣ್ಣ?"

"ಬೂದಿ ಬಣ್ಣ."

"ಯಾವ ಕಡೆ ಹೋಯಿತು?"

"ಎಲ್ಲೂ ಹೋಗಲಿಲ್ಲ ಅಣ್ಣಾ. ಓರೆಯಾಯಿತು, ಗೆರೆಯ ಹಾಗೆ ತೆಳ್ಳಗಾಯಿತು, ಆಮೇಲೆ ಇರಲಿಲ್ಲ."

ಅವನು ಪುಸ್ತಕ ತಿರುಗಿಸಿ ತೋರಿಸಿದ. ಆ ಸಂಜೆಯೇ ಬರೆದದ್ದು. ತಾಮ್ರದ ಬಣ್ಣ. ದಕ್ಷಿಣಕ್ಕೆ, ತಾಂಬರಂ ಕಡೆಗೆ, ಅತಿ ವೇಗ.

"ಕನಿಕರಕ್ಕೆ ಹೇಳ್ತಿದ್ದೀಯ" ಅಂದ.

"ಇಲ್ಲ. ಅವತ್ತು ಸುಳ್ಳು ಹೇಳಿದ್ದು ಸಿಟ್ಟಿಗೆ. ಮುರಳಿ ನಂಬರಿಗೆ ಎಲ್ಲರೆದುರು ಫೋನ್ ಮಾಡಿ ನಗಿಸಿದೆಯಲ್ಲ, ಆ ಸಿಟ್ಟಿಗೆ."

ಅವನಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, "ಅದಕ್ಕೆ ಯಾಕೆ ಸಿಟ್ಟು? ನಿನ್ನ ಹೆಸರು ಹೇಳಿರಲಿಲ್ಲವಲ್ಲ?" ಅಂದ. ಆಮೇಲೆ ನನ್ನ ಕೈ ತಟ್ಟಿದ. "ಇದನ್ನ ಬೇರೆ ಯಾರ ಹತ್ತಿರವೂ ಹೇಳಬೇಡ ಶ್ಯಾಮಾ. ನಗ್ತಾರೆ. ನನಗೆ ಅಭ್ಯಾಸವಾಗಿದೆ." ಪೆನ್ನು ತೆಗೆದು ಆ ಪುಟದ ಕೆಳಗೆ ತಾರೀಕು ಹಾಕಿ ಬರೆದುಕೊಂಡ: ಸಾಕ್ಷಿ ಮಾತು ಬದಲಿಸಿದ್ದಾಳೆ. ವಿವರ ಹೊಂದುತ್ತಿಲ್ಲ.

ಅತ್ತಿಗೆ ನನ್ನನ್ನು ಕಳಿಸಲು ಗೇಟಿನ ತನಕ ಬಂದರು. ಬೀದಿಯಲ್ಲಿ ನೆರೆಯ ಕೆಸರು ಇನ್ನೂ ಒಣಗಿರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡು, "ಅತ್ತಿಗೆ, ಅಣ್ಣ ನನ್ನ ನಂಬ್ತಿಲ್ಲ. ನಾನು ನಿಜವಾಗಿ ನೋಡಿದೆ" ಅಂದೆ.

"ಗೊತ್ತು" ಅಂದರು ಅತ್ತಿಗೆ. "ಸಂತೆಯಿಂದ ಬಂದ ತಕ್ಷಣ ಅಡಿಗೆಮನೆಗೆ ಬಂದು ನೀನೇ ತಾನೇ ಹೇಳಿದ್ದು? ದೋಸೆ ಕಾವಲಿ ಬೋರಲು ಹಾಕಿದ ಹಾಗಿತ್ತು ಅಂತ. ಕೈಯಲ್ಲಿ ಇನ್ನೂ ಬದನೆಕಾಯಿ ಚೀಲ ಇತ್ತು."

ನಾನು ಅದನ್ನು ಪೂರ್ತಿ ಮರೆತಿದ್ದೆ. ಆ ಸಭೆಯಲ್ಲಿ ನಾನು ಇಲ್ಲ ಅಂದಾಗ ಇವರು ಅವನ ಪಕ್ಕದಲ್ಲೇ ಕೂತಿದ್ದರು. ಸ್ಕ್ಯಾನಿನ ಫಾರಂ ತುಂಬಿಸಿದ್ದೂ ಇವರೇ.

"ಮತ್ತೆ ನೀವು ಯಾಕೆ ಸುಮ್ಮನಿದ್ದಿರಿ?"

ಅತ್ತಿಗೆ ಗೇಟಿನ ಚಿಲಕ ಹಾಕಿಕೊಳ್ಳುತ್ತಾ, ಅಡಿಗೆಯ ವಿಷಯ ಹೇಳುವಷ್ಟೇ ಶಾಂತವಾಗಿ ಹೇಳಿದರು.

"ಇಪ್ಪತ್ತಾರು ವರ್ಷದಲ್ಲಿ ಇವರು ನನ್ನ ಒಂದು ಮಾತು ಕೇಳಿದವರಲ್ಲ ಶ್ಯಾಮಾ. ಈಗ ಬಾಗಿಲಲ್ಲಿ ಬೆಕ್ಕು ಕಂಡರೂ, ವನಜಾ, ಅಲ್ಲಿ ಬೆಕ್ಕು ಇದೆಯಾ ಅಂತ ನನ್ನನ್ನೇ ಕೇಳ್ತಾರೆ."